ಬಿಲ್ಲು ಹಿಡಿದ ಅಗ್ಟಾ ಕುಟುಂಬಗಳು

ಬೇಟೆಯೆಂದೊಡನೆ ಬಿಲ್ಲು ಹಿಡಿದ ಗಂಡಸಿನ ಚಿತ್ರವೇ ನಮ್ಮ ಕಣ್ಣೆದುರು ನಿಲ್ಲುತ್ತದೆ. ಅದು ಅರ್ಧಸತ್ಯವೆಂಬುದಕ್ಕೆ ಫಿಲಿಪ್ಪೀನ್ಸ್ ದೇಶದ ಲುಜಾನ್ ದ್ವೀಪದಲ್ಲಿರುವ ಅಗ್ಟಾ ಜನರನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ. ದ್ವೀಪದ ಈಶಾನ್ಯ ಭಾಗದ ಸಿಯೆರಾ ಮಾದ್ರೆ ಬೆಟ್ಟಸಾಲು ಇವರ ನೆಲೆ. 1980ರ ಆಸುಪಾಸಿನಲ್ಲಿ ಮಾನವಶಾಸ್ತ್ರಜ್ಞರಾದ ಗ್ರಿಫಿನ್ ದಂಪತಿಗಳು ಇವರ ಬೇಟೆಯನ್ನು ಸವಿವರವಾಗಿ ದಾಖಲಿಸಿದರು.

ಗಂಡ ಹೆಂಡಿರು, ಅಕ್ಕತಂಗಿಯರು ಒಡಗೂಡಿ ಕಾಡುಹಂದಿ, ಜಿಂಕೆಗಳ ಬೇಟೆಗೆ ಹೊರಡುತ್ತಿದ್ದರು. ಎಳೆಗೂಸು ತಾಯಿಯ ಬೆನ್ನ ಮೇಲೆ. ಕೊಂಚ ದೊಡ್ಡ ಮಕ್ಕಳು ಅಜ್ಜಿಯ ಬಳಿ. ನಾಯಿಗಳು ಪ್ರಾಣಿಯನ್ನು ಅಟ್ಟಿ ತಡೆದು ನಿಲ್ಲಿಸಿದಾಗ ಹೆಂಗಸರು ಸಮೀಪದಿಂದ ಬಾಣ ಬಿಡುತ್ತಿದ್ದರು. (ಕಾಡುಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುವ, ಹತ್ತನೆಯ ಶತಮಾನದ ಆತಕೂರು ಶಾಸನ ಕನ್ನಡಿಗರಿಗೆ ನೆನಪಾಗದಿರದು.) ಗಂಡಸರಲ್ಲಿ ಅನೇಕರಿಗೆ ಒಂಟಿಯಾಗಿ ಹೊಂಚುವುದೇ ಇಷ್ಟ. ಫಲಿತಾಂಶ ಸ್ವಾರಸ್ಯಕರವಾಗಿದೆ: ನೂರು ಬಾರಿ ಹೊರಟರೆ ಗಂಡಸರಿಗೆ 17 ಬಾರಿ, ಹೆಂಗಸರಿಗೆ 31 ಬಾರಿ, ಇಬ್ಬರೂ ಕೂಡಿ ಹೋದಾಗ 41 ಬಾರಿ ಬೇಟೆ ದೊರೆಯುತ್ತಿತ್ತು. ನಾಯಿಗಳೂ ಒಗ್ಗಟ್ಟೂ ಇದರ ಗುಟ್ಟೆಂದು ನಮಗನಿಸುತ್ತದೆ.

ಮರಕಡಿತದಿಂದ ಕಾಡು ಕರಗಿ ಪ್ರಾಣಿಗಳು ವಿರಳವಾದಂತೆ ಅನೇಕ ಅಗ್ಟಾ ಕುಟುಂಬಗಳು ಕೂಲಿ, ಬೇಸಾಯಗಳತ್ತ ಹೊರಳಿವೆ. ತಾಯಿಯಿಂದ ಮಗಳಿಗೆ ಬಿಲ್ಲು ದಾಟುವ ಸಂದರ್ಭಗಳೂ ಅಷ್ಟಕ್ಕಷ್ಟೇ ಆಗಿವೆ.