ಉಪ್ಪಿನ ಪರವಾಗಿ ಒಬ್ಬ ಮುದುಕನ ಜಗಳ

1927ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆ ಒಂದು ಸಿಟ್ಟಿನ ಪತ್ರ ಛಾಪಿಸಿತು. ‘ಪಾಪ, ಅಡುಗೆ ಉಪ್ಪು!’ ಎಂಬರ್ಥದ ತಲೆಬರಹ. ಬರೆದವರು ಹೆನ್ರಿ ಆರ್ಮ್‌ಸ್ಟ್ರಾಂಗ್. 79 ವಯಸ್ಸು, ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರಲ್ಲಿ ಹಿರಿಯರು, ಮುಂಗೋಪದಲ್ಲೂ ಹಿರಿಯರೇ. ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಎಂಬ ಅಣುವೇ ಇಲ್ಲ, ಎರಡು ಬಗೆಯ ಕಣಗಳು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಕೂತಿವೆ ಎಂದು ಭೌತವಿಜ್ಞಾನಿ ಲಾರೆನ್ಸ್ ಬ್ರ್ಯಾಗ್ ಬರೆದದ್ದು ಅವರನ್ನು ಕೆರಳಿಸಿತ್ತು. ರಸಾಯನಶಾಸ್ತ್ರ ಚದುರಂಗವೂ ಅಲ್ಲ, ರೇಖಾಗಣಿತವೂ ಅಲ್ಲ. ಈ ಸುಳ್ಳು ದೇವರುಗಳಿಂದ ಎಳೆಯರನ್ನು ಕಾಪಾಡಬೇಕು ಎಂಬುದು ಪತ್ರದ ತಿರುಳು.

ನಗಬೇಡಿ. ಮಕ್ಕಳು ಬಾಯಿಪಾಠ ಬಿಟ್ಟು, ಪ್ರಯೋಗ ಮಾಡಿ ತಾವೇ ಕಂಡುಕೊಳ್ಳಲಿ ಎಂದು ಜೀವಮಾನವಿಡೀ ಹೋರಾಡಿದ ಮೇಷ್ಟ್ರು ಅವರು. ಅಯಾನುಗಳ, ಅಂದರೆ ವಿದ್ಯುದಾವೇಶ ಹೊತ್ತ ಇಂಥ ಕಣಗಳ, ಮೇಲೆ ಅವರಿಗಿದ್ದ ಮುನಿಸಂತೂ ಹಳೆಯದು. ಅಯಾನುಗಳ ಮಾತನ್ನು 1834ರಲ್ಲೇ ಫ್ಯಾರಡೆ ಎತ್ತಿದ್ದರು, ಆದರೆ ವಿದ್ಯುತ್ ಹರಿಸಿದಾಗ ಅವು ಹುಟ್ಟುತ್ತವೆ ಎಂದುಕೊಂಡಿದ್ದರು. ವಿದ್ಯುತ್ತೇ ಬೇಕಿಲ್ಲ, ನೀರಿಗೆ ಬಿದ್ದ ಉಪ್ಪು ತಾನಾಗಿ ಧನ, ಋಣ ಕಣಗಳಾಗಿ ಒಡೆದಿರುತ್ತದೆ ಎಂದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. 1884ರಲ್ಲಿ ಅವರು ಒಪ್ಪಿಸಿದ ಪ್ರಬಂಧಕ್ಕೆ ಉಪ್ಸಾಲಾ ವಿಶ್ವವಿದ್ಯಾಲಯ ಕೊಟ್ಟದ್ದು ನಾಲ್ಕನೇ ದರ್ಜೆ. ಅದೇ ಚಿಂತನೆ ಬೆಳೆದು 1903ರಲ್ಲಿ ನೊಬೆಲ್ ತಂದಿತು. 1890ರಲ್ಲಿ ಲೀಡ್ಸ್ ನಗರದಲ್ಲಿ ನಡೆದ ವಿಜ್ಞಾನಿಗಳ ಸಭೆಗೆ ಅರೇನಿಯಸ್ ಪಕ್ಷದ ಓಸ್ಟ್ವಾಲ್ಡ್, ವ್ಯಾಂಟ್ ಹಾಫ್ ಬಂದಾಗ ಎದುರು ನಿಂತವರಲ್ಲಿ ಆರ್ಮ್‌ಸ್ಟ್ರಾಂಗ್ ಒಬ್ಬರು.

ವಿರೋಧಿಗಳ ಅನುಮಾನ ಹುರುಳಿಲ್ಲದ್ದೇನಲ್ಲ. ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುತ್ತದೆ, ಕ್ಲೋರಿನ್ ವಿಷಾನಿಲ. ಇವೆರಡೂ ಉಪ್ಪುನೀರಿನಲ್ಲಿ ತೆಪ್ಪಗೆ ತೇಲಾಡುತ್ತಿವೆ ಎಂದರೆ ಯಾರು ನಂಬುತ್ತಾರೆ? 1897ರಲ್ಲಿ ಎಲೆಕ್ಟ್ರಾನ್ ಸಿಕ್ಕಿದ ಮೇಲೆ ಉತ್ತರದ ದಾರಿ ತೆರೆಯಿತು. 1916ರಲ್ಲಿ ಜರ್ಮನಿಯ ವಾಲ್ಟರ್ ಕೋಸೆಲ್ ಅದನ್ನು ಬಿಡಿಸಿಟ್ಟರು. ಸೋಡಿಯಂ ತನ್ನ 11 ಎಲೆಕ್ಟ್ರಾನುಗಳಲ್ಲಿ ಹೊರಗಿನ ಒಂದನ್ನು ಕಳೆದುಕೊಂಡರೆ ಉಳಿಯುವುದು ನಿಯಾನ್‌ನಲ್ಲಿರುವಷ್ಟೇ, 10. ಕ್ಲೋರಿನ್ ತನ್ನ 17ಕ್ಕೆ ಒಂದನ್ನು ಸೇರಿಸಿಕೊಂಡರೆ ಆರ್ಗಾನ್‌ನಲ್ಲಿರುವಂತೆ 18. ಸಿಡಿಯುವ ಸೋಡಿಯಂ ಬೇರೆ, ಸೋಡಿಯಂ ಅಯಾನು ಬೇರೆ.

ಬ್ರ್ಯಾಗ್ ಅದಕ್ಕೂ ಮೊದಲು, 1913ರಲ್ಲಿ, 23ರ ಹರೆಯದಲ್ಲೇ ಉಪ್ಪಿನ ಹರಳಿಗೆ ಕ್ಷ-ಕಿರಣ ಹಾಯಿಸಿ ಒಳಗಿನ ಜೋಡಣೆಯನ್ನು ಕಂಡುಕೊಂಡಿದ್ದರು. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ. ಯಾರಿಗೆ ಯಾರು ಜೋಡಿ? ಹೇಳಲಾಗದು.

ನನ್ನ ಕಿರಿಕಿರಿ ಶುರುವಾಗುವುದು ಇಲ್ಲಿ. ಹತ್ತನೇ ತರಗತಿಯ ಪುಸ್ತಕ ತೆರೆಯಿರಿ: ಒಂದು ಸೋಡಿಯಂ, ಒಂದು ಕ್ಲೋರಿನ್, ನಡುವೆ ಒಂದು ಬಾಣ. ಉಪ್ಪು ಅಣುಗಳಾಗಿ ಇರುವುದಿಲ್ಲ ಎಂಬ ವಾಕ್ಯವೂ ಅಲ್ಲೇ ಇದೆ. ಆದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಚಿತ್ರ. ಅದರ ಮೇಲೆ ‘ಸೋಡಿಯಂಗೆ ಕೊಡುವ ಆಸೆ’ ಎಂಬ ವಿವರಣೆ ಬೇರೆ. ಸೋಡಿಯಂ ಕರ್ಣನಲ್ಲ! ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು 496 ಕಿಲೋಜೂಲ್ ಬೇಕು. ಅವನ್ನು ಕ್ಲೋರಿನ್ ಸೇರಿಸಿಕೊಂಡಾಗ ಹೊಮ್ಮುವುದು 349 ಮಾತ್ರ. ಉಳಿದ 147 ಎಲ್ಲಿಂದ ಬರಬೇಕು? ಬಿಡಿ ಅಯಾನುಗಳು ಒಂದನ್ನೊಂದು ಸೆಳೆದು ಹರಳಾಗಿ ಕೂರುವಾಗ ಸುಮಾರು 787 ಕಿಲೋಜೂಲ್ ಹೊರಬೀಳುತ್ತದೆ. ಕೊರತೆ ತುಂಬುವುದು ಅದು. ಉಪ್ಪನ್ನು ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕಾಗುವುದೂ ಆ ಸೆಳೆತದಿಂದಲೇ.

ಈ ಲೆಕ್ಕವನ್ನು 1919ರಲ್ಲಿ ಹೊಂದಿಸಿಕೊಟ್ಟವರು ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್. ಹಿಟ್ಲರನ ಜರ್ಮನಿ ಬಿಟ್ಟ ಬಾರ್ನ್, ಸಿ.ವಿ. ರಾಮನ್ ಕರೆದರೆಂದು 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಮುಂದೆ ಹರಳುಗಳ ಕಂಪನದ ವಿಚಾರದಲ್ಲಿ ಇಬ್ಬರಿಗೂ ಜಟಾಪಟಿಯಾಯಿತು, ಅದು ಬೇರೆಯೇ ಕಥೆ.

ಆರ್ಮ್‌ಸ್ಟ್ರಾಂಗ್ 1937ರಲ್ಲಿ ತೀರಿಕೊಂಡರು. ಅವರು ಪಟ್ಟು ಹಿಡಿದಿದ್ದ ಜೋಡಿ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಉಪ್ಪನ್ನು 1,400 ಡಿಗ್ರಿ ದಾಟಿಸಿ ಕುದಿಸಿದರೆ ಆವಿಯಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಸೇರಿದ ಅಣುಗಳು ಸಿಗುತ್ತವೆ. ಅಲ್ಲಿ ಇಬ್ಬರ ನಡುವಿನ ಅಂತರ 236 ಪಿಕೋಮೀಟರ್. ಡಬ್ಬಿಯಲ್ಲಿರುವ ಹರಳಿನಲ್ಲಿ 282.