ತಪ್ಪು ಹುಡುಕುವ ಅಜ್ಜ

"ಅಜ್ಜಾ, ತಪ್ಪು ನಿಂದಲ್ಲ, ಪ್ರೋಗ್ರಾಮಿಂದು!"

ದಸರಾ ರಜೆಗೆ ನರಗುಂದದಿಂದ ಬಂದಿದ್ದ ಮೊಮ್ಮಗಳು ಹೀಗೆಂದಾಗ ನನಗೆ ನಂಬಿಕೆ ಬರಲಿಲ್ಲ. ರೋಣದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ನಿವೃತ್ತನಾಗಿ ಹುಟ್ಟೂರು ಗಜೇಂದ್ರಗಡಕ್ಕೆ ಮರಳಿದವನು ನಾನು. ನಮ್ಮವ್ವ ಹೇಳುತ್ತಿದ್ದ ಒಗಟು, ಬೀಸುವ ಹಾಡುಗಳನ್ನು ಹಳೆಯ ನೋಟ್‌ಬುಕ್ಕಿನಿಂದ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಪಿಡಿಎಫ್ ಮಾಡಿದ ಕೂಡಲೇ 'ಶಾಸ್ತ್ರ' ಎಂಬ ಪದದ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ನನ್ನ ಬೆರಳೇ ಎಲ್ಲೋ ತಪ್ಪು ಒತ್ತಿದೆ ಎಂದುಕೊಂಡು ಮೂರು ದಿನ ಅದೇ ಪುಟವನ್ನು ಮತ್ತೆ ಮತ್ತೆ ಬರೆದಿದ್ದೆ.

"ಇದು ಮುಕ್ತ ತಂತ್ರಾಂಶ ಅಜ್ಜಾ. ಅದರಾಗೂ ನಾ ನಿನಗ ಹಾಕಿಕೊಟ್ಟಿದ್ದು ಪರೀಕ್ಷಾ ಆವೃತ್ತಿ. ತಪ್ಪು ಕಂಡ್ರ ಮಾಡಿದವರಿಗೆ ನಾವ ತಿಳಿಸಬೇಕು."

ಮುಕ್ತ ತಂತ್ರಾಂಶ ಎಂದರೆ ಅಡುಗೆಯ ಜೊತೆಗೆ ಅದನ್ನು ಮಾಡುವ ವಿಧಾನವನ್ನೂ ಬರೆದು ಕೊಟ್ಟಂತೆ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಇಂಥದ್ದು. ಇಂದಿನ ಆಂಡ್ರಾಯ್ಡ್ ಫೋನುಗಳ ಒಳಗೂ ಅದೇ ಇದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಕೂಡ ಇದೇ ಕುಲದವು.

ಇಂಥವುಗಳಲ್ಲಿನ ತಪ್ಪಿಗೆ 'ಬಗ್' ಎನ್ನುತ್ತಾರೆ, ಅಂದರೆ ಹುಳ. ಈ ಪದ ಹಳೆಯದೇ. ಆದರೆ 1947ರಲ್ಲಿ ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಎಂಬ ಗಣಕಯಂತ್ರದೊಳಗೆ ನಿಜವಾದ ಪತಂಗವೊಂದು ಸಿಕ್ಕಿಕೊಂಡಿತ್ತು. ಎಂಜಿನಿಯರುಗಳು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಟೇಪಿನಿಂದ ಅಂಟಿಸಿದರು. ಆ ಪುಟ ಇಂದಿಗೂ ಅಲ್ಲಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ಇರಲಿ, ನನ್ನ ಹುಳದ ಕತೆಗೆ ಬರೋಣ. ಮೊಮ್ಮಗಳ ನೆರವಿನಿಂದ ಮೊದಲ ವರದಿ ಕಳಿಸಿದೆ: 'ಕನ್ನಡ ಸರಿಯಾಗಿ ಬರುತ್ತಿಲ್ಲ.' ಎರಡೇ ದಿನಕ್ಕೆ ಉತ್ತರ ಬಂತು. ಯಾವ ಆವೃತ್ತಿ? ಯಾವ ಅಕ್ಷರಶೈಲಿ? ಏನು ಮಾಡಿದಾಗ ಹೀಗಾಯಿತು? ಪ್ರಶ್ನೆಗಳನ್ನು ಓದಿ ನನಗೇ ನಗು ಬಂತು. 'ಸರ್, ಲೆಕ್ಕ ಬರ್ತಿಲ್ಲ' ಎಂದಷ್ಟೇ ಹೇಳಿ ನಿಲ್ಲುವ ಹುಡುಗನಿಗೆ ನಾನೂ ಹೀಗೆಯೇ ಕೇಳುತ್ತಿದ್ದೆನಲ್ಲ!

ಮತ್ತೆ ಕೂತು ಬರೆದೆವು. ಒಂದು, ಹೊಸ ಕಡತ ತೆರೆಯಿರಿ. ಎರಡು, 'ಶಾಸ್ತ್ರ' ಎಂದು ಬರೆಯಿರಿ. ಮೂರು, ಪಿಡಿಎಫ್ ಆಗಿ ಉಳಿಸಿ. ಆಗಬೇಕಾದದ್ದು: ತ-ಒತ್ತು, ರ-ಒತ್ತು ಎರಡೂ 'ಸ' ಅಕ್ಷರದ ಜೊತೆಗೇ ಕೂಡಿರಬೇಕು. ಆಗುತ್ತಿರುವುದು: ಬಿಡಿಬಿಡಿಯಾಗಿ ಬೀಳುತ್ತಿವೆ. ಒಂದೇ ಪದವಿರುವ ಚಿಕ್ಕ ಕಡತವನ್ನೂ ಪರದೆಯ ಚಿತ್ರವನ್ನೂ ಜೊತೆಗಿಟ್ಟೆವು.

ಈ ಸಲ ಬಂದ ಉತ್ತರವನ್ನು ನಾನು ಮರೆಯಲಾರೆ. ದೂರದೇಶದ ಪ್ರೋಗ್ರಾಮರ್ ಒಬ್ಬರು ಸರಿಯಾದ ಚಿತ್ರವನ್ನೂ ತಪ್ಪಾದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಇವೆರಡರಲ್ಲಿ ವ್ಯತ್ಯಾಸ ಎಲ್ಲಿದೆ, ತೋರಿಸುವಿರಾ ಎಂದು ವಿನಯದಿಂದ ಕೇಳಿದ್ದರು.

ಆಗ ನನಗೆ ವಿಷಯ ಹೊಳೆಯಿತು. ಅಷ್ಟು ಜಾಣರಿಗೆ ಕಾಣದ ತಪ್ಪು ಒಂದನೇ ತರಗತಿ ದಾಟಿದ ನಮ್ಮ ಮಕ್ಕಳ ಕಣ್ಣಿಗೆ ಥಟ್ಟನೆ ಕಾಣುತ್ತದೆ. ಅವರಿಗೆ ಕನ್ನಡ ಬಾರದು. ನಮಗೆ ಪ್ರೋಗ್ರಾಂ ಬರೆಯಲು ಬಾರದು. ನಾವು ಹೇಳದಿದ್ದರೆ ಅವರು ತಿದ್ದುವುದು ಹೇಗೆ? ಆ ತಪ್ಪು ಹಾಗೆಯೇ ಉಳಿದು, ನಾಳೆ ಯಾರದೋ ಪುಸ್ತಕದಲ್ಲಿ, ಯಾರದೋ ಅರ್ಜಿಯಲ್ಲಿ ಮುರಿದ ಕನ್ನಡವೇ ಅಚ್ಚಾಗುತ್ತದೆ. ಮೊಮ್ಮಗಳು ಕೆಂಪು ಗೆರೆಯಿಂದ ಒತ್ತಕ್ಷರದ ಸುತ್ತ ಸುತ್ತು ಹಾಕಿದಳು. ಮುಂದೆ ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ನಮ್ಮ ಹೆಜ್ಜೆಗಳನ್ನೇ ನಡೆದು 'ಹೌದು, ಇಲ್ಲೂ ಹಾಗೆಯೇ' ಎಂದು ದೃಢಪಡಿಸಿದರು. ಕೆಲವು ತಿಂಗಳ ಮೇಲೆ ತಿದ್ದಿದ ಆವೃತ್ತಿ ಬಂತು. ಅದನ್ನು ಹಾಕಿಕೊಂಡು ಮತ್ತೆ ಪರೀಕ್ಷಿಸುವ ಕೆಲಸವೂ ನಮ್ಮದೇ. ಅವ್ವನ ಹಾಡಿನಲ್ಲಿ 'ಶಾಸ್ತ್ರ' ನೆಟ್ಟಗೆ ಕೂತಿತ್ತು!

ಎಲ್ಲ ವರದಿಗೂ ಇದೇ ಭಾಗ್ಯವಿಲ್ಲ. ನನ್ನ ಇನ್ನೊಂದು ವರದಿಯನ್ನು 'ಇದನ್ನು ಬೇರೆಯವರು ಮೊದಲೇ ಹೇಳಿದ್ದಾರೆ' ಎಂದು ಮುಚ್ಚಿದರು. ಮತ್ತೊಂದು ಇನ್ನೂ ಕಾಯುತ್ತಿದೆ. ಬೇಸರವಿಲ್ಲ. ನಮ್ಮಪ್ಪ ಇಲ್ಲಿ ಮಗ್ಗದಲ್ಲಿ ಪಟ್ಟೆದಂಚಿನ ಸೀರೆ ನೇಯುತ್ತಿದ್ದ. ನೇಯ್ದದ್ದನ್ನು ಬೆಳಕಿಗೆ ಹಿಡಿದು ಒಂದೊಂದು ಎಳೆಯನ್ನೂ ನೋಡುತ್ತಿದ್ದ. "ತಪ್ಪು ನಮ್ಮ ಕಣ್ಣಿಗೆ ಬಿದ್ರ ಚಲೋ, ಉಟ್ಟಾಕಿ ಕಣ್ಣಿಗೆ ಬೀಳಬಾರದು" ಎನ್ನುತ್ತಿದ್ದ. ಪರೀಕ್ಷಕನ ಕೆಲಸವೂ ಅಷ್ಟೇ.

ನೀವೂ ಶುರು ಮಾಡಬೇಕೆ?

* ದಿನಾ ಬಳಸುವ ಒಂದೇ ತಂತ್ರಾಂಶ ಆರಿಸಿಕೊಳ್ಳಿ. ಲಿಬ್ರೆಆಫೀಸ್ ಒಳ್ಳೆಯ ಆರಂಭ. ಸುಮಾರು ಆರು ತಿಂಗಳಿಗೊಮ್ಮೆ, ಫೆಬ್ರುವರಿ ಮತ್ತು ಆಗಸ್ಟ್ ಹೊತ್ತಿಗೆ, ಅದರ ಹೊಸ ಆವೃತ್ತಿ ಬರುತ್ತದೆ. ಅದಕ್ಕೆ ಮುಂಚೆ ಪರೀಕ್ಷಾ ಆವೃತ್ತಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ.
* ಪರೀಕ್ಷಾ ಆವೃತ್ತಿ ಕೆಡುವುದುಂಟು. ಮುಖ್ಯ ಕಡತಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ.
* ಕಂಡ ತಪ್ಪು ಮತ್ತೆ ಬರುತ್ತದೆಯೇ ನೋಡಿ. ಅದೇ ತಪ್ಪನ್ನು ಯಾರಾದರೂ ಮೊದಲೇ ತಿಳಿಸಿದ್ದಾರೆಯೇ ಹುಡುಕಿ.
* ಒಂದು ವರದಿಯಲ್ಲಿ ಒಂದೇ ತಪ್ಪು. ಸರಳ ಇಂಗ್ಲಿಷಿನ ಚಿಕ್ಕ ವಾಕ್ಯಗಳು ಸಾಕು. 'ಸಹಾಯ' ಪಟ್ಟಿಯಲ್ಲಿ ಸಿಗುವ ಆವೃತ್ತಿಯ ಸಂಖ್ಯೆಯನ್ನು ಮರೆಯದೆ ಬರೆಯಿರಿ.
* ಕನ್ನಡದವರು ನೋಡಬೇಕಾದ ಜಾಗಗಳು: ಒತ್ತಕ್ಷರ, ಅರ್ಕಾವತ್ತು, 'ಸೂರ್ಯ' ಮತ್ತು 'ರ‍್ಯಾಲಿ' ಪದಗಳ ವ್ಯತ್ಯಾಸ, ಕನ್ನಡ ಅಂಕಿಗಳು, ಅಕಾರಾದಿ ಜೋಡಣೆ.
* ಮಕ್ಕಳೇ, ವರದಿಯನ್ನು ಜಗತ್ತೆಲ್ಲ ಓದುತ್ತದೆ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆಯ ವಿಳಾಸ, ಫೋನ್ ನಂಬರ್, ಖಾಸಗಿ ಕಡತ ಯಾವುದನ್ನೂ ಹಾಕಬೇಡಿ.

ಸಂಬಳವಿಲ್ಲದ ಈ ಕೆಲಸ ಯಾಕೆ ಎಂದು ಕಟ್ಟೆಯ ಮೇಲಿನ ಗೆಳೆಯರು ಕೇಳುತ್ತಾರೆ. ಹೊಲದಲ್ಲಿ ಮುಯ್ಯಾಳು ಇದ್ದಂತೆ ಇದು: ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ನಮ್ಮ ಗದಗ ಜಿಲ್ಲೆಗೆ ಇದೇನು ಹೊಸದೆ? 1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ ನಾಡು ಇದು.

ಈಗ ರವಿವಾರ ಬಂದರೆ ನರಗುಂದದಿಂದ ಫೋನು ಬರುತ್ತದೆ. "ಅಜ್ಜಾ, ಈ ವಾರ ಎಷ್ಟು ಹುಳ ಹಿಡದಿ?"

"ಒಂದು. ನೀ?"

"ಎರಡು!"

ಶಿಷ್ಯೆ ಗುರುವನ್ನು ಮೀರಿಸಿದ್ದಾಳೆ. ಮೇಷ್ಟ್ರಿಗೆ ಇದಕ್ಕಿಂತ ಸಂತೋಷ ಇನ್ನೇನು ಬೇಕು?