ಪಾದ್ರಿ ಇಲ್ಲದ ಹದಿನೈದು ವರ್ಷ

ಮೊನ್ನೆ ಹುಲ್ಲಹಳ್ಳಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದು ವಾದ. ನಂಜನಗೂಡು ಬಸ್ಸು ತಡವಾಗಿತ್ತು. ದಿನಸಿ ಅಂಗಡಿ ಯಜಮಾನರೊಬ್ಬರು ಪಕ್ಕದಲ್ಲಿದ್ದ ಕ್ಯಾಥೊಲಿಕ್ ಗೆಳೆಯರನ್ನು ಕೆಣಕಿದರು: "ಅಲ್ಲ ಸ್ವಾಮಿ, ದೇವರು ಎಲ್ಲಾ ಕಡೆ ಇದಾನೆ ಅಂತೀರಿ. ಮನಸ್ಸಲ್ಲೇ ಕೈಮುಗಿದರೆ ಸಾಲದೆ? ಆ ನೀರು, ಎಣ್ಣೆ, ರೊಟ್ಟಿ ಎಲ್ಲಾ ಯಾಕೆ?"

"ನಿಮ್ಮನೇಲಿ ನಾಮಕರಣ, ಮದುವೆ ಎಲ್ಲಾ ಮನಸ್ಸಲ್ಲೇ ಮುಗಿಸ್ತೀರಾ?" ಅಂದರು ಗೆಳೆಯರು. ಅಷ್ಟರಲ್ಲಿ ಬಸ್ಸು ಬಂತು, ವಾದ ನಿಂತಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಹಿಂದೂಗಳಲ್ಲಿ ಷೋಡಶ ಸಂಸ್ಕಾರ ಅನ್ನುತ್ತಾರಲ್ಲ, ಹಾಗೆ ಕ್ಯಾಥೊಲಿಕರಿಗೆ ಏಳು. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳಿಗೆ ತೈಲಲೇಪನ, ಗುರುದೀಕ್ಷೆ, ವಿವಾಹ. ಹುಟ್ಟಿನಿಂದ ಸಾವಿನವರೆಗೆ ದಾರಿಯುದ್ದಕ್ಕೂ ಬರುವ ನಿಲ್ದಾಣಗಳು ಅನ್ನಿ. ಇವುಗಳ ಬೆಲೆ ಏನೆಂದು ತಿಳಿಯಬೇಕಾದರೆ, ಇವು ಸಿಗದೆ ಹೋದವರನ್ನು ಕೇಳಬೇಕು. ಅಂಥವರು ದೂರದಲ್ಲಿರಲಿಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲೇ ಇದ್ದರು.

1784ನೇ ಇಸವಿ. ನಂಜನಗೂಡಿನ ದೇವರಿಗೆ ಪಚ್ಚೆ ಲಿಂಗ ಅರ್ಪಿಸಿದನೆಂದು ನಮ್ಮ ಕಡೆ ಹೇಳುತ್ತಾರಲ್ಲ, ಅದೇ ಟಿಪ್ಪು ಸುಲ್ತಾನ ಮಂಗಳೂರು ಸೀಮೆಯ ಕ್ಯಾಥೊಲಿಕರನ್ನು ಸೆರೆ ಹಿಡಿಸಿದ. ಇಂಗ್ಲಿಷರಿಗೆ ನೆರವಾದರು ಅನ್ನುವುದು ಅವರ ಮೇಲಿದ್ದ ಆರೋಪ. ಚರ್ಚುಗಳು ನೆಲಸಮವಾದವು. ಪಾದ್ರಿಗಳನ್ನು ಗಡಿಯಾಚೆ ಅಟ್ಟಲಾಯಿತು. ಸಾವಿರಾರು ಜನ, ಹೆಂಗಸರು ಮಕ್ಕಳೆನ್ನದೆ, ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿ ಸತ್ತವರು ಬಹಳ. ಬದುಕಿ ತಲುಪಿದವರಲ್ಲಿ ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರಲ್ಲಿ ಕೋಟೆ ಬೀಳುವವರೆಗೆ, ಅಂದರೆ ಹದಿನೈದು ವರ್ಷ, ಇದೇ ಪಾಡು.

ಪಾದ್ರಿ ಇಲ್ಲದಿದ್ದರೆ ಎಲ್ಲವೂ ನಿಂತುಹೋಗುತ್ತದೆಯೆ? ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಹಿಂದೂ ಸೂಲಗಿತ್ತಿಯಾಗಲಿ, ಮುಸ್ಲಿಂ ನರ್ಸಮ್ಮನಾಗಲಿ, ಚರ್ಚಿನ ಉದ್ದೇಶದಿಂದಲೇ ತಲೆಗೆ ನೀರು ಹೊಯ್ದು ಆ ಒಂದು ಮಾತು ಹೇಳಿದರೆ ಸಾಕು, ಅದು ಸಲ್ಲುತ್ತದೆ. ಮದುವೆಯಲ್ಲೂ ಒಬ್ಬರಿಗೊಬ್ಬರು ಸಂಸ್ಕಾರ ಕೊಡುವವರು ಗಂಡು ಹೆಣ್ಣೇ. ಪಾದ್ರಿ ಸಿಗುವ ಹಾಗೇ ಇಲ್ಲದ ಕಡೆ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ಹೇಳಿದರೂ ಮದುವೆಯೇ.

ಆದರೆ ಬಲಿಪೂಜೆಗೆ ಪಾದ್ರಿ ಬೇಕೇ ಬೇಕು. ಪಾಪನಿವೇದನೆಗೂ ಬೇಕು. ಸೆರೆಯಲ್ಲಿದ್ದವರ ಸಂಕಟ ಇದ್ದದ್ದು ಇಲ್ಲೇ. ಜೀವಭಯಕ್ಕೆ ತನ್ನ ದೇವರನ್ನೇ ಅಲ್ಲಗಳೆದ ಮನುಷ್ಯ ರಾತ್ರಿ ಒಬ್ಬನೇ ಅಳಬಹುದು. ದೇವರು ಅದನ್ನು ಕೇಳುತ್ತಾನೆ ಅಂತ ಅವನ ಧರ್ಮವೂ ಹೇಳುತ್ತದೆ. ಆದರೆ "ನಿನ್ನನ್ನು ಕ್ಷಮಿಸಿದೆ" ಅನ್ನುವ ಮಾತು ಕಿವಿಗೆ ಬೀಳುವುದು ಬೇಡವೆ?

ಅಂಗಡಿ ಯಜಮಾನರೇ, ನಿಮ್ಮ ಲೆಕ್ಕದಲ್ಲೇ ಹೇಳೋಣ. ಸಾಲ ತೀರಿತು ಅಂತ ಗಿರಾಕಿ ಮನಸ್ಸಲ್ಲೇ ಅಂದುಕೊಂಡರೆ ಆಯಿತೆ? ನೀವು ಖಾತೆ ಪುಸ್ತಕ ತೆಗೆದು ಅವನೆದುರಿಗೇ ಗೆರೆ ಎಳೆಯಬೇಕು. ಆಗಲೇ ಅವನಿಗೆ ನೆಮ್ಮದಿ.

ಆ ಗೆರೆ ಎಳೆಯಲು ಬಂದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. 1799ರಲ್ಲಿ ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರು. ಚದುರಿದವರನ್ನು ಕೂಡಿಸಿದರು. ಬಲವಂತಕ್ಕೆ ಸಿಕ್ಕಿ ಧರ್ಮ ಬಿಟ್ಟಿದ್ದವರನ್ನು ಮತ್ತೆ ಚರ್ಚಿಗೆ ಸೇರಿಸಿಕೊಂಡರು. ನಮ್ಮವರ ಹಾಗೇ ಉಡುಪು ತೊಟ್ಟು, ಸಸ್ಯಾಹಾರ ಉಂಡು, ಸಿಡುಬಿಗೆ ದಾಕು ಹಾಕಿಸಲು ಊರೂರು ತಿರುಗಿ, 1823ರಲ್ಲಿ ತಾಯ್ನಾಡಿಗೆ ಮರಳಿದರು. ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಇವತ್ತಿಗೂ ಇದೆ.

ಹಳೇ ಕಥೆ ಅನ್ನಬೇಡಿ. 2020ರ ಲಾಕ್‌ಡೌನ್ ನೆನಪಿದೆಯಲ್ಲ? ಗುಡಿ, ಮಸೀದಿ, ಚರ್ಚು ಮೂರಕ್ಕೂ ಬೀಗ. ಆ ವರ್ಷದ ಈಸ್ಟರ್ ಪೂಜೆ ಮೊಬೈಲಿನಲ್ಲಿ ಕಾಣಿಸಿತು, ಕೇಳಿಸಿತು. ಪ್ರಸಾದ ಮಾತ್ರ ಮೊಬೈಲಿನಿಂದ ಕೈಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ತೈಲಲೇಪನ ಇಲ್ಲದೆ, ಬಂಧುಗಳ ಮುಖ ಕಾಣದೆ ಕಣ್ಣು ಮುಚ್ಚಿದವರೂ ಉಂಟು.

ಮನುಷ್ಯನಿಗೆ ಮನಸ್ಸೊಂದೇ ಇಲ್ಲ, ಮೈಯೂ ಇದೆ. ಹಸಿದಾಗ ಅನ್ನ ಕೈಗೆ ಬರಬೇಕು, ಅತ್ತಾಗ ಯಾರಾದರೂ ತಲೆ ಸವರಬೇಕು. ಆ ನೀರು, ಆ ಎಣ್ಣೆ, ಆ ರೊಟ್ಟಿ ಇರುವುದು ಅದಕ್ಕೇ.

ಟೀ ಅಂಗಡಿಯ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಇಷ್ಟು. ಯಜಮಾನರಿಗೆ ಒಪ್ಪಿಗೆಯಾಗದಿದ್ದರೆ, ನಾಳೆಯೂ ಬಸ್ಸು ತಡವಾದೀತು, ವಾದ ಮುಂದುವರಿಸಲಿ!